ಪುರುಡು ಕಳೆದ ಮರುದಿನ

೧೪ ಅಕ್ಟೋಬರ್ ೨೦೨೪, ಸೋಮವಾರ. ಸಂಜೆ ೭

ಆರೋಗ್ಯ ಇಲಾಖೆಯ ಪೋರ್ಟಲ್ ಇವತ್ತೂ ಮಲಗಿತ್ತು. ಹನ್ನೊಂದಕ್ಕೆ ಎದ್ದಿತು, ಹನ್ನೆರಡಕ್ಕೆ ಮತ್ತೆ ಮಲಗಿತು. ಸೆಪ್ಟೆಂಬರಿನ ಹೆರಿಗೆ ಅಂಕಿ ಇನ್ನೂ ನಲವತ್ತು ಉಪಕೇಂದ್ರಗಳದ್ದು ಬಾಕಿ. ಸಾಹೇಬರು ಎರಡು ಸಲ ಬಂದು ನನ್ನ ಸ್ಕ್ರೀನ್ ನೋಡಿ ನಿಟ್ಟುಸಿರು ಬಿಟ್ಟು ಹೋದರು, ನಾನೇ ಜೋಗುಳ ಹಾಡಿ ಅದನ್ನು ಮಲಗಿಸಿದ ಹಾಗೆ. ರಾಯಾಪುರದ ಆಫೀಸಿನಿಂದ ಬಸ್ಸಿನಲ್ಲಿ ನಿಂತೇ ಧಾರವಾಡಕ್ಕೆ ಬಂದೆ. ಸಪ್ತಾಪುರದ ಏರು ಹತ್ತಿ ಮನೆ ಮುಟ್ಟುವಷ್ಟರಲ್ಲಿ ಚಪ್ಪಲಿ ಬಿಚ್ಚಲೂ ಬೇಸರ.

ಹನ್ನೆರಡು ವರ್ಷದಿಂದ ಇದೇ ಕೆಲಸ. ಜಿಲ್ಲೆಯಲ್ಲಿ ಹುಟ್ಟಿದ ಕೂಸುಗಳನ್ನೆಲ್ಲ ಕಂಪ್ಯೂಟರಿಗೆ ತುಂಬುವುದು. ಒಂದನ್ನೂ ಮುಟ್ಟಿ ನೋಡಿಲ್ಲ. ಆಯಿ — ಅವ್ವನ ಅವ್ವ, ಮೂವತ್ತೇಳು ವರ್ಷ ನರ್ಸ್ ಆಗಿದ್ದವಳು — ಇದನ್ನೇ ಹಿಡಿದು ಚೇಷ್ಟೆ ಮಾಡುತ್ತಿದ್ದಳು. "ನಾ ಕೂಸು ಹಿಡದೆ, ನೀ ಅಂಕಿ ಹಿಡೀತಿ. ಪಗಾರ ಮಾತ್ರ ನಿಂದ ಜಾಸ್ತಿ."

ಆಯಿ ತೀರಿಕೊಂಡು ಬರುವ ತಿಂಗಳು ೨೩ಕ್ಕೆ ವರ್ಷ. ಕಲಬುರಗಿಯಿಂದ ಗೌತಮ ಫೋನ್ ಮಾಡಿದ್ದ. ತಮ್ಮನಾದರೂ ಫೋನಿನಲ್ಲಿ ಮೇಲಧಿಕಾರಿ. ೨೪ರ ಭಾನುವಾರ ಹೆಬ್ಬಳ್ಳಿಯಲ್ಲಿ ನೆನಪಿನ ಸಭೆಯಂತೆ. ಆಯಿ ನೌಕರಿ ಶುರು ಮಾಡಿ ಹತ್ತು ವರ್ಷ ದುಡಿದ ಊರು. ಸಮುದಾಯ ಭವನ ಬುಕ್ ಆಗಿದೆ. ಮೊದಲು ಬುದ್ಧ ವಂದನೆ, ಕೊನೆಗೆ ಊಟ, ನಡುವೆ ಆಯಿಯ ಬಗ್ಗೆ ಎರಡು ಪುಟ ಓದಬೇಕು.

"ಯಾರು ಬರೀಬೇಕು?" ಅಂದೆ.

"ನೀನ ಬರಿ ಅಕ್ಕಾ. ಕಡೀಕ ಆಕಿ ಜೋಡಿ ಇದ್ದಾಕಿ ನೀನ ಅಲಾ."

ಅದು ಖರೆ. ಇಲ್ಲ ಅನ್ನಲು ಬರಲಿಲ್ಲ.

ಅವ್ವನಿಗೆ ಹೇಳಿದೆ. ಸೌತಿಕಾಯಿ ಹೆಚ್ಚುತ್ತಿದ್ದಳು. "ಹೆಬ್ಬಳ್ಳ್ಯಾಗ ಯಾಕ? ಬ್ಯಾರೆ ಊರ ಇರಲಿಲ್ಲೇನು ಅವಂಗ?" ಅಂದಳು.

೧೭ ಅಕ್ಟೋಬರ್, ಗುರುವಾರ. ರಜೆ

ಬೆಳಿಗ್ಗೆಯಿಂದ ಕೂತು ಬರೆದದ್ದು ಇಷ್ಟು — ಹೆಸರು ದುರಗವ್ವ. ಹುಟ್ಟಿದ್ದು ೧೯೪೧, ಅದೂ ಅಂದಾಜು. ಹುಬ್ಬಳ್ಳಿಯಲ್ಲಿ ಒಂದೂವರೆ ವರ್ಷ ಟ್ರೇನಿಂಗ್. ೧೯೬೨ರಲ್ಲಿ ಹೆಬ್ಬಳ್ಳಿ. ೧೯೭೨ರಲ್ಲಿ ಕಲಘಟಗಿ ಕಡೆಗೆ ವರ್ಗ. ೧೯೯೯ರಲ್ಲಿ ನಿವೃತ್ತಿ.

ಓದಿ ನೋಡಿದೆ. ಇದು ಸರ್ವಿಸ್ ಬುಕ್. ಇದರಲ್ಲಿ ಆಯಿ ಇಲ್ಲ.

ನನಗೆ ಗೊತ್ತಿರುವ ಆಯಿ ಬೇರೆ. ಬೇಸಿಗೆ ರಜೆಯಲ್ಲಿ ಕಲಘಟಗಿ ಕಡೆಯ ಹಳ್ಳಿಗೆ ಹೋದರೆ ನನ್ನನ್ನೂ ರೌಂಡ್ಸಿಗೆ ಕರೆದುಕೊಂಡು ಹೋಗುತ್ತಿದ್ದಳು. ಯಾರ ಮನೆಯಾದರೂ ಸರಿ, ಬಾಗಿಲಲ್ಲಿ ನಿಂತು ಕರೆಯುವ ಪದ್ಧತಿಯೇ ಇಲ್ಲ. ಚಪ್ಪಲಿ ಬಿಟ್ಟು ಸೀದಾ ಒಳಗೆ. ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಬಾಣಂತಿ ಮಲಗಿದ ಖೋಲಿಗೆ. ನಾನು ಬಾಗಿಲಲ್ಲೇ ಒದ್ದಾಡುತ್ತ ನಿಲ್ಲುತ್ತಿದ್ದೆ. ಒಂದು ದೊಡ್ಡ ಮನೆಯಲ್ಲಿ ಮುದುಕಿಯೊಬ್ಬಳು ಒಲೆಯ ಮುಂದಿಂದ ಎದ್ದೇ ಬಂದಳು.

"ಯಾರದು? ಹೇಳೂದಿಲ್ಲ ಕೇಳೂದಿಲ್ಲ, ಒಳಗ ನುಗ್ಗತಿ?"

"ನಾ ನರ್ಸ್ ಅದೀನ್ರಿ. ಕೂಸಿನ ಹೊಕ್ಕಳ ತೋರಸ್ರಿ."

ಬೇರೆಯವರು ನಮಸ್ಕಾರ ಅನ್ನುವ ಜಾಗದಲ್ಲಿ ಆಯಿ ಈ ಮಾತು ಹೇಳುತ್ತಿದ್ದಳು. "ಕೂಸಿನ ಹೊಕ್ಕಳ ತೋರಸ್ರಿ." ಮುದುಕಿ ಬೈದಳು, ಆಯಿ ಹೊಕ್ಕಳು ನೋಡಿದಳು, ಕೂಸಿನ ಕಣ್ಣಿನ ಬಿಳಿ ನೋಡಿದಳು, ತಾಯಿಯ ಹಣೆ ಮುಟ್ಟಿದಳು, ಬಂದಳು. ಬೈಗುಳ ಕಿವಿಗೇ ಬಿದ್ದಿಲ್ಲ ಅನ್ನುವ ಮುಖ.

ಅದೇ ತಾಲೂಕಿನ ಸಾಲಿಯಲ್ಲಿ ಅವ್ವ ಟೀಚರ್. ಪಾಲಕರು ಬಂದು ದೂರು ಹೇಳುತ್ತಿದ್ದರು. "ನಿಮ್ಮವ್ವಗ ಹೊಸ್ತಿಲ ಕಾಣಂಗಿಲ್ಲೇನ್ರಿ ಬಾಯಾರ?" ಅವ್ವನಿಗೆ ನಾಚಿಕೆ. ಇಬ್ಬರಿಗೂ ಇದೇ ವಿಷಯಕ್ಕೆ ಎಷ್ಟು ಜಗಳವಾಗಿದೆಯೋ ಲೆಕ್ಕವಿಲ್ಲ.

ಇದನ್ನು ಬರೆಯಬಹುದೇ ಅಂದೆ. "ಬ್ಯಾಡ. ಮಂದಿ ನಗ್ತಾರ" ಅಂದಳು ಅವ್ವ.

೨೨ ಅಕ್ಟೋಬರ್, ಮಂಗಳವಾರ. ಮಧ್ಯಾಹ್ನ, ಆಫೀಸು

ಗೌತಮ ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದಾನೆ. ಆಯಿಯ ಫೋಟೋ, ಕೆಳಗೆ "ಇವರ ನೆನಪುಗಳಿದ್ದಲ್ಲಿ ತಿಳಿಸಿ", ಅದರ ಕೆಳಗೆ ನನ್ನ ನಂಬರ್. ನನ್ನನ್ನು ಕೇಳಿಲ್ಲ. ನಿನ್ನೆಯಿಂದ ಹನ್ನೊಂದು ಫೋನು. ಒಬ್ಬ ತಾನು ಹುಟ್ಟಿದ ತಾರೀಖು ಕೇಳಿದ. ಇನ್ನೊಬ್ಬಾಕೆಗೆ ಜನನ ದಾಖಲೆ ಬೇಕು. ಮತ್ತೊಬ್ಬ ನಮ್ಮ ಮನೆಯ ಮೇಲಿನ ಖೋಲಿ ಬಾಡಿಗೆಗೆ ಇದೆಯೇ ಅಂದ. ಅವನಿಗೆ ಜಾಹೀರಾತಿನ ಪಕ್ಕದ ಜಾಹೀರಾತು ನೆನಪಿತ್ತು.

ಹೆಬ್ಬಳ್ಳಿಯ ಮೌಲಾಬಿಯದೊಂದೇ ಬೇಕಾದ ಫೋನು. ಆಯಿಯ ಜೊತೆ ಆಯಾ ಆಗಿದ್ದವಳಂತೆ. ನೀರು ಕಾಯಿಸುವುದು, ಪೆಟ್ಟಿಗೆ ಹೊರುವುದು. "ನರ್ಸಬಾಯಿ ಮೊಮ್ಮಗಳೇನು ನೀ? ಬಾರವ್ವಾ. ಕಣ್ಣು ಮಂಜ ಆಗ್ಯಾವು, ಬಾಯಿ ಇನ್ನೂ ಐತಿ."

ಊರಿಗೆಲ್ಲ ನರ್ಸಬಾಯಿ. ಹನ್ನೊಂದು ಜನರಲ್ಲಿ ಒಬ್ಬರಿಗೂ ದುರಗವ್ವ ಅನ್ನುವ ಹೆಸರು ಗೊತ್ತಿರಲಿಲ್ಲ.

೨೭ ಅಕ್ಟೋಬರ್, ಭಾನುವಾರ. ಸಂಜೆ

ಹೆಬ್ಬಳ್ಳಿಗೆ ಹೋಗಿ ಬಂದೆ. ಮೈಕೈ ನೋವು. ಬರೆದು ಮಲಗುತ್ತೇನೆ.

ಮೌಲಾಬಿಗೆ ಎಪ್ಪತ್ತರ ಮೇಲೆ. ಮಗ ಫಾರೂಕ ಅಂಗಡಿಯಿಂದ ಚಹಾ ತಂದ. ಮೌಲಾಬಿ ನನ್ನ ಕೈ ಹಿಡಿದು ಬೆರಳು ಒಂದೊಂದಾಗಿ ಒತ್ತಿ ನೋಡಿದಳು. "ಆಕಿ ಬಳ್ಳ ಹಿಂಗ ಇರಲಿಲ್ಲ. ಗಟ್ಟಿ ಇದ್ದೂ" ಅಂದಳು. ಕೀಬೋರ್ಡಿನ ಬೆರಳು, ಏನು ಹೇಳಲಿ.

ಆಮೇಲೆ ಒಂದು ಮಾತು ಹೇಳಿದಳು, ನಾನು ಯಾವತ್ತೂ ಕೇಳಿರಲಿಲ್ಲ. ಹೆತ್ತ ಮನೆಗೆ ಹತ್ತು ದಿನ ಪುರುಡು. ಮೇಲಿನ ಓಣಿಯ ಮನೆಗಳಲ್ಲಿ ಅದು ಬಲು ಕಟ್ಟುನಿಟ್ಟು. ಆ ಹತ್ತು ದಿನ ಮನೆಯವರು ದೇವರನ್ನು ಮುಟ್ಟುವಂತಿಲ್ಲ, ಬೇರೆಯವರು ಅವರನ್ನು ಮುಟ್ಟುವಂತಿಲ್ಲ.

"ಆ ಹತ್ತು ದಿನ ನಿಮ್ಮ ಆಯಿ ಎಲ್ಲಾ ಮನಿಯೊಳಗ. ಹೆಂಗಿದ್ರೂ ಮೈಲಿಗಿ ಮನಿ, ಈಕಿ ಬಂದ್ರ ಏನಾತು? ಎಣ್ಣಿ ಹಚ್ಚಾಕಿ, ಎರಿಯಾಕಿ, ಬಾಣಂತಿ ಜೋಡಿ ಕೂತು ನಗ್ಯಾಡಾಕಿ. ಹನ್ನೊಂದನೇ ದಿನ ಮನಿ ಸಾರಸ್ತಿದ್ರು, ಭಟ್ರು ಬಂದು ನೀರು ಚಿಮುಕಸ್ತಿದ್ರು. ಆತು. ಅವತ್ತಿಂದ ನಿಮ್ಮ ಆಯಿ ಕಟ್ಟಿ ಕೆಳಗ. ಚಹಾದ ಬಟ್ಟಲ ಹೊರಗ ಗೂಡಿನ್ಯಾಗ."

"ಆಯಿ ಏನೂ ಅಂತಿರಲಿಲ್ಲೇನು?"

"ಅಂತಿದ್ದಳಲ್ಲ. 'ಮೌಲಾ, ದೇವರು ನನಗ ಹತ್ತ ಹತ್ತ ದಿನದ ಮನಿ ಕೊಟ್ಟಾನ' ಅಂತಿದ್ದಳು. ನಗತಿದ್ದಳು ಮತ್ತ."

ನನಗೆ ನಗು ಬರಲಿಲ್ಲ. ನಾಲ್ಕು ದಿನದ ಕೂಸನ್ನು ಕೈಯಲ್ಲಿ ಕೊಟ್ಟವರು ಹನ್ನೆರಡನೇ ದಿನಕ್ಕೆ ಆ ಕೈಗೆ ಬೇರೆ ಬಟ್ಟಲು ಕೊಡುತ್ತಿದ್ದರು. ಸಿಟ್ಟು ಬಂತು. ಸತ್ತವಳ ಮೇಲೂ ಬಂತು, ಯಾಕೆ ಸುಮ್ಮನಿದ್ದಳೆಂದು.

ಹೊರಡುವಾಗ ಮೌಲಾಬಿ ಮೆಲ್ಲಗೆ, "ಎಲ್ಲಾ ಬರಿ. ಆ ಕೂಸಿಂದ ಮಾತ್ರ ಬರೀಬ್ಯಾಡವಾ" ಅಂದಳು.

"ಯಾವ ಕೂಸು?"

ಮುಖ ಆಚೆ ತಿರುಗಿಸಿದಳು. "ನಿಮ್ಮವ್ವನ್ನ ಕೇಳು."

೨೮ ಅಕ್ಟೋಬರ್, ಸೋಮವಾರ. ಬೆಳಿಗ್ಗೆ ೬

ರಾತ್ರಿ ಊಟಕ್ಕೆ ಕೂತಾಗಲೇ ಕೇಳಿದೆ. ಅವ್ವ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಐವತ್ತೆರಡು ವರ್ಷದ ಹಿಂದಿನದನ್ನು ನಿನ್ನೆಯದರ ಹಾಗೆ ಹೇಳಿದಳು.

೧೯೭೨. ಅವ್ವನಿಗೆ ಎಂಟು ವರ್ಷ. ಮೇಲಿನ ಓಣಿಯ ದೊಡ್ಡ ಮನೆಯೊಂದರ ಚೊಚ್ಚಲ ಗಂಡುಕೂಸು, ಆಯಿಯೇ ಹೆರಿಗೆ ಮಾಡಿಸಿದ್ದು, ಹದಿನಾಲ್ಕನೇ ದಿನ ತೀರಿಕೊಂಡಿತು. ಹೊಕ್ಕಳು ಕೊಳೆತಿತ್ತು. ನರ್ಸಿನ ಬ್ಲೇಡು ಹೊಲಸಿತ್ತು ಅಂತ ಆ ಮನೆಯವರು ಮೇಲಕ್ಕೆ ದೂರು ಬರೆದರು. ಆಯಿಗೆ ವರ್ಗ. ಸಾಲಿಯಲ್ಲಿ ಹುಡುಗಿಯರು ಅವ್ವನ ಪಕ್ಕದಿಂದ ಎದ್ದು ಹೋದರು. ಒಬ್ಬಾಕೆ "ಕೂಸು ಕೊಂದಾಕಿ ಮಗಳು" ಅಂದಳು. ಅವ್ವ ಮನೆಗೆ ಬಂದು ಆಯಿಯನ್ನೇ ಕೇಳಿದಳಂತೆ. ಯವ್ವಾ, ಖರೇನ? ಕೂಸು ನಿನ್ನಿಂದ ಸತ್ತತೇನು?

"ಏನಂದಳು ಆಯಿ?"

"ಹೂಂ ಅಂದಳು. ನಂದ ತಪ್ಪು ಅಂದಳು."

ಅವ್ವ ತಾಟು ತೊಳೆಯಲು ಎದ್ದಳು. ಅಲ್ಲಿಂದಲೇ ಹೇಳಿದಳು, "ನಾ ಏನ ಊರ ಮಂದಿ ಮಾತು ನಂಬಲಿಲ್ಲ ಪೂನಮ್. ಆಕಿನ ಹೇಳಿದ್ದು. ಸತ್ತವರ ತಪ್ಪು ಸಭಾದಾಗ ತಗೀಬಾರದು. ನೀ ಬರೀಬ್ಯಾಡ."

ಬರೆಯುವುದಿಲ್ಲ. ಆದರೆ ನಂಬಲೂ ಆಗುತ್ತಿಲ್ಲ. ಕತ್ತರಿಯನ್ನು ಇಪ್ಪತ್ತು ನಿಮಿಷ ಕುದಿಸಿ, ಗಡಿಯಾರ ನೋಡಿ, ಇನ್ನೂ ಐದು ನಿಮಿಷ ಇರಲಿ ಅನ್ನುತ್ತಿದ್ದವಳು ಅವಳು. ಉಗುರು ಕತ್ತರಿಸುವ ಬ್ಲೇಡನ್ನೂ ಬಿಸಿನೀರಿಗೆ ಹಾಕುತ್ತಿದ್ದಳು.

ಬಸ್ಸಿಗೆ ಹೊತ್ತಾಯಿತು.

೬ ನವೆಂಬರ್, ಬುಧವಾರ

ದೀಪಾವಳಿ ಹೋಯಿತು. ಒಂದು ಸಾಲೂ ಬರೆದಿಲ್ಲ, ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಗೌತಮ ದಿನಕ್ಕೊಮ್ಮೆ "ಎಲ್ಲಿತನಕ ಬಂತು" ಅನ್ನುತ್ತಾನೆ. ಬ್ಯಾನರಿಗೆ ಯಾವ ಫೋಟೋ ಅಂತ ಮೂರು ಕಳಿಸಿದ್ದಾನೆ. ಮೂರರಲ್ಲೂ ಆಯಿ ಯಾರನ್ನೋ ಬೈಯಲು ಬಾಯಿ ತೆರೆದ ಹಾಗಿದ್ದಾಳೆ.

ಇವತ್ತು ಒಂದು ಫೋನು. ಬಹಳ ವಯಸ್ಸಾದ ದನಿ. "ನಾ ವೆಂಕಣ್ಣ ಅಂತ. ರಿಟೈರ್ಡ್ ಮಾಸ್ತರ. ಮಾಳಮಡ್ಡಿಯೊಳಗ ಇರ್ತೇನಿ. ಹೆಬ್ಬಳ್ಳಿಯವ. ಪೇಪರಿನ್ಯಾಗ ಫೋಟೋ ನೋಡಿದೆ. ಹದಿನೈದು ದಿನ ಆತು, ಫೋನ್ ಮಾಡ್ಲೋ ಬ್ಯಾಡೋ ಅನಕೋತ ಕೂತೇನಿ. ನೀವು ಬರ್ಲಿಕ್ಕೆ ಆಗ್ತದೇನ್ರಿ? ಫೋನಿನ್ಯಾಗ ಹೇಳೂ ಅಂಥಾದ್ದಲ್ಲ."

ಶನಿವಾರ ಬರುತ್ತೇನೆ ಅಂದೆ. ಎರಡನೇ ಶನಿವಾರ, ಬಟ್ಟೆ ಒಗೆಯುವ ದಿನ.

೯ ನವೆಂಬರ್, ಶನಿವಾರ. ಸಂಜೆ ೫

ಮಾಳಮಡ್ಡಿಗೆ ಹೋಗಿ ಬಂದೆ. ಬಟ್ಟೆ ಒಗೆಯುವ ಮೊದಲು ಇದನ್ನು ಬರೆದಿಡಬೇಕು.

ಬಾಗಿಲು ತೆಗೆದದ್ದು ವೆಂಕಣ್ಣನವರ ಮಗಳು ಸುಲಭಾ. ನನಗಿಂತ ಹನ್ನೆರಡು ವರ್ಷ ದೊಡ್ಡವಳಿರಬೇಕು, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ನನ್ನನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿ, ತಮ್ಮ ಬಟ್ಟಲಲ್ಲೇ ಚಹಾ ಕೊಟ್ಟಳು. ಮೌಲಾಬಿಯ ಮಾತು ಕೇಳಿದ ಮೇಲೆ ನಾನು ಬಟ್ಟಲು ನೋಡುವುದನ್ನು ಕಲಿತಿದ್ದೇನೆ. ನನಗೇ ಹೇಸಿಕೆಯಾಯಿತು.

ವೆಂಕಣ್ಣನವರು ಎಪ್ಪತ್ತೆಂಟರ ಮುದುಕರು. ಪೀಠಿಕೆ ಹಾಕಲಿಲ್ಲ. "ಆ ಕೂಸು ನಂದು" ಅಂದರು.

ಹನ್ನೊಂದನೇ ದಿನ ಪುಣ್ಯಾಹವಾಗಿ ಮನೆ ಶುದ್ಧವಾಯಿತಂತೆ. ಹನ್ನೆರಡನೇ ದಿನ ತೊಟ್ಟಿಲು, ಹೆಸರಿಡುವುದು. ಆಯಿ ಅವತ್ತು ಕರೆಯದೆಯೇ ಬಂದಳು. ಅಂಗಳದಲ್ಲಿ ನಿಂತು ಒಳಗಿನ ಅಳು ಕೇಳಿದಳು. ಕೂಸಿನ ದನಿ ಸರಿ ಇಲ್ಲ, ಹೊಕ್ಕಳು ನೋಡಬೇಕು ಅಂದಳು. ವೆಂಕಣ್ಣನವರ ತಾಯಿ ಹೊಸ್ತಿಲ ಒಳಗೆ. ನಿನ್ನೆ ತಾನೇ ಶುದ್ಧ ಆಗಿದೆ, ಇವತ್ತು ನೀನು ಮುಟ್ಟಿದರೆ ಎಲ್ಲಾ ಮೊದಲಿನಿಂದ, ಹೊರಗಿಂದಲೇ ಹೇಳು ಅಂದರು. ಕೂಸನ್ನು ಹೊಸ ಬಟ್ಟೆಯಲ್ಲಿ ಸುತ್ತಿ, ಕಾಡಿಗೆ ಹಚ್ಚಿ, ಬಾಗಿಲ ತನಕ ತಂದು ತೋರಿಸಿದರು. ಬಟ್ಟೆ ಬಿಚ್ಚಲಿಲ್ಲ. ಬಟ್ಟೆಯ ಒಳಗೆ ಕೂಸಿನ ಅಜ್ಜಿ ತಮ್ಮ ಕೈಯಾರೆ ಹೊಕ್ಕಳಿಗೆ ಬೂದಿ ಹಚ್ಚಿದ್ದರು, ಶುಭವೆಂದು.

"ನಾ ಅಲ್ಲೇ ನಿಂತಿದ್ದೆ. ಹೊಸ್ತಿಲದ ಮ್ಯಾಲೆ. ಇಪ್ಪತ್ತಾರು ವರ್ಷ, ಬಿ.ಎ. ಮುಗಿಸಿದವ. ನಾಕ ಹೆಜ್ಜಿ ಇಟ್ಟು ಕೂಸಿನ್ನ ನರ್ಸಬಾಯಿ ಕೈಯಾಗ ಕೊಟ್ಟಿದ್ರ ಆಗ್ತಿತ್ತು. ಕೊಡ್ಲಿಲ್ಲ. ಅವ್ವನ ಮುಖಾ ನೋಡಿದೆ, ಸುಮ್ಮನಾದೆ. ಆಕಿ ಅಂಗಳದಾಗ ನಿಂತಽ ಕೈ ಮುಗದ್ಳು. ಈಗಿಂದೀಗ ಧಾರವಾಡಕ್ಕ ಒಯ್ರಿ ಅಂದ್ಳು. ನಾವು ಮಂದಿಗೆಲ್ಲಾ ಊಟಾ ಬಡಿಸಿ ಸಂಜೀ ಮುಂದ ಒಯ್ದ್ವಿ."

ಸುಲಭಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೂ ಇದು ಹೊಸದೆಂದು ಮುಖ ಹೇಳುತ್ತಿತ್ತು.

"ದೂರು ಬರದಾಂವ ಯಾರು ಗೊತ್ತೇನ್ರಿ? ನಾನಽ. ಮನಿಯೊಳಗ ಇಂಗ್ಲಿಷ್ ನನಗಷ್ಟಽ ಬರ್ತಿತ್ತು."

ಮುದುಕರನ್ನು ಹೊಡೆಯಬೇಕೆನಿಸಿತು, ಅವರ ಕೈ ಹಿಡಿಯಬೇಕೆಂದೂ ಅನಿಸಿತು, ಎರಡನ್ನೂ ಮಾಡದೆ ತಣ್ಣಗಾದ ಚಹಾ ಕುಡಿದೆ.

ಇಪ್ಪತ್ತು ವರ್ಷದ ಮೇಲೆ ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಆಯಿ ಅವರಿಗೆ ಸಿಕ್ಕಳಂತೆ. ತಪ್ಪಾಯಿತು ಅಂದರಂತೆ. ಆಯಿ ಹೇಳಿದ್ದನ್ನು ಅವರು ಎರಡು ಸಲ ಹೇಳಿದರು, ನಾನು ಸರಿಯಾಗಿ ಕೇಳಿಸಿಕೊಳ್ಳಲಿ ಅಂತ.

"ತಪ್ಪು ನಂದೂ ಐತ್ರಿ ಮಾಸ್ತರ. ನೀವು ನಿಲ್ಲು ಅಂದ್ರಿ, ನಾ ನಿಂತೆ. ನುಗ್ಗಬೇಕಾಗಿತ್ತು."

ಬೇಸಿಗೆ ರಜೆಯ ಆ ಮನೆಗಳೆಲ್ಲ ಕಣ್ಣ ಮುಂದೆ ಬಂದವು. ಯಾರ ಹೊಸ್ತಿಲನ್ನೂ ಲೆಕ್ಕಿಸದೆ ಒಳಗೆ ಹೋಗುತ್ತಿದ್ದ ಆ ಬೆನ್ನು. ನಾವು ಅದನ್ನು ಅವಳ ಒರಟುತನ ಅಂದುಕೊಂಡಿದ್ದೆವು.

"ಬರೀರಿ ಇದನ್ನ. ನಮ್ಮ ಮನಿ ಹೆಸರು ಹಾಕಿ ಬರೀರಿ" ಅಂದರು ವೆಂಕಣ್ಣನವರು. ಗೇಟಿನ ತನಕ ಕಳಿಸಲು ಬಂದ ಸುಲಭಾ ಹೇಳಿದ್ದು ಬೇರೆ. "ಹೆಸರು ಬ್ಯಾಡ್ರಿ. ಊರಾಗ ಇನ್ನೂ ನಮ್ಮ ಮಂದಿ ಇದ್ದಾರ. ಅಪ್ಪಗ ಈಗ ಇದನ್ನೆಲ್ಲಾ ತಡಕೊಳ್ಳೂ ಶಕ್ತಿ ಇಲ್ಲ." ಅವಳ ಕಣ್ಣು ಕೆಂಪಾಗಿತ್ತು. ಆಯಿತು ಅಂದೆ.

೧೦ ನವೆಂಬರ್, ಭಾನುವಾರ

ಅವ್ವನಿಗೆ ಹೇಳಿಲ್ಲ.

ಹೇಳಿದರೆ ಖುಷಿಯಾಗುತ್ತಾಳೆ ಅನ್ನುವುದು ಮೊದಲ ಯೋಚನೆ. ನಿನ್ನ ಅವ್ವ ಕೂಸು ಕೊಲ್ಲಲಿಲ್ಲ. ಬ್ಲೇಡು ಹೊಲಸಿರಲಿಲ್ಲ. "ನಂದ ತಪ್ಪು" ಅಂದದ್ದು ಅಂಗಳದಲ್ಲಿ ನಿಂತದ್ದಕ್ಕೆ. ಓಡಿ ಬಂದು ಹೇಳಬೇಕಾದ ಸುದ್ದಿ.

ಆದರೆ ಮನೆಗೆ ಬರುವ ದಾರಿಯಲ್ಲೇ ಇನ್ನೊಂದು ನೆನಪಾಯಿತು. ಆಯಿ ಎಷ್ಟೋ ನೂರು ಹೆರಿಗೆ ಮಾಡಿಸಿದಳು, ಸ್ವಂತ ಮೊಮ್ಮಕ್ಕಳಿಬ್ಬರದು ಬಿಟ್ಟು. ನಾನೂ ಗೌತಮನೂ ಹುಬ್ಬಳ್ಳಿಯ ನರ್ಸಿಂಗ್ ಹೋಮಿನಲ್ಲಿ ಹುಟ್ಟಿದವರು. ಮನೆಯಲ್ಲಿ ಇದೊಂದು ನಗೆಯ ಮಾತು — ಬಡಗಿ ಮನೆಯಲ್ಲಿ ಮಣೆ ಇಲ್ಲ ಅನ್ನುವ ಹಾಗೆ. ಅಪ್ಪ ಇದ್ದಾಗ ಒಮ್ಮೆ ಬಾಯಿ ತಪ್ಪಿ ಅಂದಿದ್ದ, "ನಿಮ್ಮವ್ವ ಹೆದರಿದ್ದಳು. ಆಕಿ ಕೈ ಬ್ಯಾಡ ಅಂದಳು." ಆಗ ನಾನು ಚಿಕ್ಕವಳು. ಯಾರ ಕೈ, ಯಾಕೆ ಬೇಡ, ಕೇಳಲಿಲ್ಲ.

ಈಗ ಗೊತ್ತು. ಅವ್ವ ತನ್ನ ಅವ್ವನ ಕೈಗೆ ಹೆದರಿದಳು. ಕೊಂದ ಕೈ ಅಂತ. ಅದು ಕೊಂದ ಕೈ ಅಲ್ಲವೆಂದು ನಾನು ಈಗ ಹೇಳಿದರೆ, ಆಯಿ ಹೋಗಿ ವರ್ಷವಾದ ಮೇಲೆ, ಅವ್ವ ಅದನ್ನು ತೆಗೆದುಕೊಂಡು ಎಲ್ಲಿ ಇಡಬೇಕು? ತಪ್ಪಾಯಿತು ಅನ್ನಲು ವೆಂಕಣ್ಣನವರಿಗಾದರೂ ಒಂದು ಬಸ್ ಸ್ಟ್ಯಾಂಡ್ ಸಿಕ್ಕಿತು.

ಹೇಳದಿದ್ದರೆ ಆಯಿ ಮಗಳ ಮನಸ್ಸಿನಲ್ಲಿ ಕೊನೆಯ ತನಕ ಹಾಗೇ ಉಳಿಯುತ್ತಾಳೆ. ಅದೂ ಆಗದು.

ಸಾಕಾಗಿದೆ. ಎರಡು ಪುಟ ಅಂದಿದ್ದ ಗೌತಮ.

೧೫ ನವೆಂಬರ್, ಶುಕ್ರವಾರ

ಅಕ್ಟೋಬರಿನ ಅಂಕಿ ಮುಗಿಸಿದೆ. ಒಂದು ಉಪಕೇಂದ್ರದ ನರ್ಸ್ ತಪ್ಪು ಕಾಲಮ್ಮಿನಲ್ಲಿ ಬರೆದಿದ್ದಳು. ಫೋನ್ ಮಾಡಿದರೆ "ಮೇಡಮ್ಮಾರ, ಮುಂಜಾನಿಂದ ನಾಕ ಹಳ್ಳಿ ತಿರಗೇನ್ರಿ, ಕಣ್ಣ ಕಾಣವಲ್ವು" ಅಂದಳು. ಬೈಯಲಿಲ್ಲ, ನಾನೇ ಸರಿ ಮಾಡಿದೆ.

ಆಯಿಯ ಪುಟ ಈಗ ನಾಲ್ಕಾಗಿದೆ. ಹತ್ತು ದಿನದ ಮನೆಗಳು ಇವೆ. ಅಂಗಳ ಇದೆ. "ಒಂದು ಮನೆಯವರು" ಅಂತ ಬರೆದಿದ್ದೇನೆ, ಹೆಸರಿಲ್ಲ. ಅದೊಂದು ಭಾಗ ತೆಗೆದ ಇನ್ನೊಂದು ಪ್ರತಿಯೂ ಇದೆ. ಎರಡೂ ಬ್ಯಾಗಿನಲ್ಲಿ. ದಿನಾ ರಾಯಾಪುರಕ್ಕೆ ಹೋಗಿ ಬರುತ್ತಿವೆ.

೧೮ ನವೆಂಬರ್, ಸೋಮವಾರ. ಕನಕ ಜಯಂತಿ, ರಜೆ. ಮಧ್ಯಾಹ್ನ ೩

ಕೊಟ್ಟೆ. ನಾಲ್ಕು ಪುಟದ್ದನ್ನೇ.

ಯೋಚನೆ ಮಾಡಿ ಕೊಟ್ಟೆ ಅಂದರೆ ಸುಳ್ಳು. ಅವ್ವ ಊಟವಾದ ಮೇಲೆ ಕನ್ನಡಕ ಒರೆಸಿಕೊಂಡು, "ತಾ ಇಲ್ಲೆ, ತಪ್ಪರ ತಿದ್ದಿ ಕೊಡ್ತೇನಿ" ಅಂದಳು. ಎದುರಿಗೆ ಕೂತ ಆ ಮುಖಕ್ಕೆ ಸುಳ್ಳು ಪ್ರತಿ ಕೊಡಲು ಕೈ ಬರಲಿಲ್ಲ. ಅಷ್ಟೆ.

ಮೊದಲ ಪುಟದಲ್ಲಿ ಆರು ಕೆಂಪು ಗುರುತು. ಎರಡನೆಯದರಲ್ಲಿ ನಾಲ್ಕು. ಮೂವತ್ತೇಳು ವರ್ಷ ಸಾಲಿ ಕಲಿಸಿದ ಪೆನ್ನು. ಮೂರನೇ ಪುಟದ ನಡುವೆ ಪೆನ್ನು ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು. ಕಾಗದದ ಮೇಲೆ ಕೆಂಪು ಚುಕ್ಕೆಯೊಂದು ಹರಡಿತು.

"ಇದು ಯಾರು ಹೇಳಿದ್ದು?"

"ಆ ಕೂಸಿನ ಅಪ್ಪ."

"ಅಂವ ಜೀವಂತ ಇದ್ದಾನೇನು?"

"ಹೂಂ."

ಪುಟ ಮಡಿಚಿ ತನ್ನ ಖೋಲಿಗೆ ಹೋದಳು. ಬಾಗಿಲು ಹಾಕಿಕೊಂಡಿದ್ದಾಳೆ. ಅಳುವ ಸಪ್ಪಳವೂ ಇಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

೨೧ ನವೆಂಬರ್, ಗುರುವಾರ

ಮೂರು ದಿನ ಮಾತಿಲ್ಲ. ರೊಟ್ಟಿ ಇದೆ, ಪಲ್ಯ ಇದೆ, ಡಬ್ಬಿ ಕಟ್ಟಿದೆ, ಮಾತಿಲ್ಲ. ಇವತ್ತು ನಾನು ಆಫೀಸಿನಿಂದ ಬಂದಾಗ ಪುಟಗಳು ನನ್ನ ಮೇಜಿನ ಮೇಲಿದ್ದವು. ಕೊನೆಯ ತನಕ ತಿದ್ದಿದ್ದಾಳೆ. ಅಂಗಳದ ಭಾಗವನ್ನೂ. ಏನೂ ಹೊಡೆದು ಹಾಕಿಲ್ಲ.

ಅವ್ವನ ಕೈಯಲ್ಲಿ ಇನ್ನೊಂದು ಹಾಳೆ ಇತ್ತು, ಸಾಲಿಯ ನೋಟ್‌ಬುಕ್ಕಿನಿಂದ ಹರಿದದ್ದು.

"ಆ ಮನಿಯವರ ಹೆಸರು ಯಾಕ ಬರದಿಲ್ಲ?"

"ಅವರ ಮಗಳು ಬ್ಯಾಡ ಅಂದ್ಲು."

"ಇರಲಿ. ಬ್ಯಾರೆಯವರ ಹೆಸರು ತಗೊಂಡು ನಾವೇನು ಮಾಡೂದೈತಿ." ಹಾಳೆ ಮಡಿಚಿ ಸೆರಗಿನ ಗಂಟಿಗೆ ಸಿಕ್ಕಿಸಿಕೊಂಡಳು. "ನಿಂದು ನೀ ಓದು. ನಂದು ನಾ ಓದ್ತೇನಿ."

ತೋರಿಸು ಅಂದೆ. ತೋರಿಸಲಿಲ್ಲ.

೨೩ ನವೆಂಬರ್, ಶನಿವಾರ. ಬೆಳಿಗ್ಗೆ

ವರ್ಷವಾಯಿತು.

ಕೊನೆಯ ತಿಂಗಳುಗಳಲ್ಲಿ ಆಯಿಗೆ ನಮ್ಮ ಹೆಸರು ಮರೆತಿತ್ತು. ಕೈ ಮರೆತಿರಲಿಲ್ಲ. ಪಕ್ಕದಲ್ಲಿ ಕೂತರೆ ಸಾಕು, ನನ್ನ ಮಣಿಕಟ್ಟು ಹುಡುಕಿ ಮೂರು ಬೆರಳಿಟ್ಟು ಗೋಡೆ ನೋಡುತ್ತಿದ್ದಳು. ಆ ಗೋಡೆಗೆ ಗಡಿಯಾರ ಇರಲಿಲ್ಲ. "ಜೋರ ಓಡಾಕತ್ತೈತಿ. ಆಫೀಸಿನ್ಯಾಗ ಜಗಳಾಡಿ ಬಂದಿ ಅಲಾ?" ಒಮ್ಮೆಯೂ ತಪ್ಪಿಲ್ಲ.

ಅವ್ವನ ಕೈಯನ್ನು ಮಾತ್ರ ಹಾಗೆ ಹಿಡಿಯುತ್ತಿರಲಿಲ್ಲ. ಅವ್ವ ಬಂದರೆ ಕೈ ಎರಡನ್ನೂ ಚಾದರದೊಳಗೆ ಎಳೆದುಕೊಳ್ಳುತ್ತಿದ್ದಳು. ಚಳಿ ಇರಬೇಕು ಅಂತ ನಾನು ಇನ್ನೊಂದು ಚಾದರ ಹೊದಿಸುತ್ತಿದ್ದೆ.

ಬಹಳ ನೆನಪಾಗುತ್ತಾಳೆ.

೨೪ ನವೆಂಬರ್, ಭಾನುವಾರ. ಸಂಜೆ ೬

ಈಗ ಬಂದೆವು. ಅವ್ವ ಒಳಗೆ ಮಲಗಿದ್ದಾಳೆ. ಗೌತಮ ಭವನದ ಕೀಲಿ ಕೊಡಲು ಹೋಗಿದ್ದಾನೆ.

ನೂರು ಜನವಾಗಬಹುದು ಅಂದುಕೊಂಡಿದ್ದೆವು, ಇನ್ನೂರರ ಮೇಲೆ ಆದರು. ಫಾರೂಕ ತನ್ನ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ವೆಂಕಣ್ಣನವರು ಬರಲಿಲ್ಲ. ಬೆಳಿಗ್ಗೆ ಸುಲಭಾ ಫೋನ್ ಮಾಡಿ ಅಪ್ಪನಿಗೆ ಜ್ವರ ಅಂದಳು. ಇರಬಹುದು.

ವಂದನೆ ಮುಗಿದ ಮೇಲೆ ನಾನು ಓದಿದೆ. "ಕೂಸಿನ ಹೊಕ್ಕಳ ತೋರಸ್ರಿ" ಅನ್ನುವಲ್ಲಿ ಹೆಂಗಸರೆಲ್ಲ ನಕ್ಕರು. ಅಂಗಳದ ಭಾಗ ಬಂತು. ಮುಂದಿನ ಸಾಲಿನ ಇಬ್ಬರು ಹಿರಿಯರು ತಲೆ ಎತ್ತಲಿಲ್ಲ. ಒಬ್ಬರು ಎದ್ದು ಹೊರಗೆ ಹೋದರು. ಓದಿ ಕೂತೆ.

ಅವ್ವ ಎದ್ದಳು. ಹಾಳೆ ಬಿಚ್ಚಿದಳು. ಸಾಲಿಯ ಕನ್ನಡದಲ್ಲಿ ಶುರು ಮಾಡಿದಳು, ಪ್ರಾರ್ಥನೆಯ ದನಿಯಲ್ಲಿ. "ನಾನು ಪ್ರಭಾವತಿ, ದುರಗವ್ವನವರ ಮಗಳು. ನನ್ನ ಮಗಳು ಈಗ ಓದಿದ್ದರಲ್ಲಿ ಒಂದು ಮನೆಯ ಹೆಸರಿಲ್ಲ. ನಮ್ಮ ಅವ್ವನನ್ನು ಹೊರಗೆ ನಿಲ್ಲಿಸಿದ ಇನ್ನೊಂದು ಮನೆ ಇದೆ. ಅದರ ಹೆಸರು ನಾನು ಹೇಳುತ್ತೇನೆ. ಅದು ನನ್ನದು. ೧೯೮೮ರಲ್ಲಿ ನನ್ನ ಮೊದಲನೇ ಹೆರಿಗೆಯ ದಿನ ಒಳಗಿದ್ದ ಸಿಸ್ಟರಿಗೆ ನಾನೇ ಹೇಳಿದೆ, ಹೊರಗೆ ನಮ್ಮ ಅವ್ವ ಕೂತಿದ್ದಾಳೆ, ಅವಳನ್ನು ಒಳಗೆ ಬಿಡಬೇಡಿ ಎಂದು."

ಅಲ್ಲಿಗೆ ಹಾಳೆ ಕೆಳಗಿಳಿಸಿದಳು. ಕನ್ನಡಕವನ್ನೂ ತೆಗೆದಳು. ಆಮೇಲೆ ಮನೆಯ ಮಾತಿನಲ್ಲಿ ಹೇಳಿದಳು.

"ಕರೀದ ಮನಿಗೆಲ್ಲಾ ನುಗ್ಗಾಕಿ ಆಕಿ. ಯಾರು ಬೈದ್ರೂ ನಿಲ್ಲದಾಕಿ. ಅವತ್ತ ಒಂದ ದಿನ ಮುಂಜಾನಿಂದ ಸಂಜೀತನಕ ದವಾಖಾನಿ ಹೊರಗಿನ ಬೆಂಚಿನ ಮ್ಯಾಲೆ ಕೂತಳು. ನಾ ಒದರೂದು ಆಕಿಗೆ ಕೇಳ್ತಿತ್ತು. ಗೊತ್ತಿತ್ತು ನನಗ, ಕೇಳ್ತೈತಿ ಅಂತ."

ಸಭೆಯ ಕಡೆಗೆ ಬೆನ್ನು ಮಾಡಿ ಫೋಟೋದ ಕಡೆ ತಿರುಗಿದಳು. ಮೈಕ್ ಇನ್ನೂ ಕೈಯಲ್ಲೇ ಇತ್ತು. ಅದು ನೆನಪಿರಲಿಲ್ಲ ಅವಳಿಗೆ.

"ಬಂದುಬಿಡಬೇಕಿತ್ತಲ್ಲ ಯವ್ವಾ. ನನ್ನ ಮಾತ್ಯಾಕ ಕೇಳಿದಿ?"

ಊಟಕ್ಕೆ ಎಲೆ ಹಾಕುತ್ತಿದ್ದವರೂ ಎಲೆ ಹಿಡಿದುಕೊಂಡು ಹಾಗೇ ನಿಂತರು. ನಾನು ಎದ್ದು ಅವ್ವನ ಹತ್ತಿರ ಹೋಗಿ ಮೈಕ್ ತೆಗೆದುಕೊಳ್ಳಲು ಕೈ ಚಾಚಿದೆ, ಅವಳು ಕೊಡಲಿಲ್ಲ, ನನ್ನ ಮಣಿಕಟ್ಟನ್ನೇ ಹಿಡಿದು, ಆಯಿಯ ಹಾಗೆ ಮೂರು ಬೆರಳಿಟ್ಟು, ಫೋಟೋ ನೋಡುತ್ತ ನಿಂತಳು.